ಡಿಜಿಟಲ್ ಹೊಲಿಗೆ ಪ್ಯಾಟರ್ನ್: ದೊಡ್ಡ ಹಾಳೆಗೂ ಪ್ರೊಜೆಕ್ಟರ್‌ಗೂ ಅಣಿಮಾಡುವ ಬಗೆ, ಕೋಲಾರ ಸೀಮೆಯ ಹೊಲಿಗೆ ಕಸುಬಿನ ಹಿನ್ನೆಲೆಯಲ್ಲಿ

ಡಿಜಿಟಲ್ ಹೊಲಿಗೆ ಪ್ಯಾಟರ್ನ್: ಉಡುಪಿನ ಮುಂಭಾಗ, ಬೆನ್ನು, ತೋಳು, ಪಟ್ಟಿ ಮುಂತಾದ ತುಂಡುಗಳ ಆಕಾರವನ್ನು ನಿಜ ಅಳತೆಯ ಗೆರೆಗಳಾಗಿ ಹಿಡಿದಿಟ್ಟ ಕಂಪ್ಯೂಟರ್ ಫೈಲು. ಟೈಲರ್‌ಗಳು ಹಳೇ ನ್ಯೂಸ್‌ಪೇಪರಿನ ಮೇಲೋ ಕಂದು ಹಾಳೆಯ ಮೇಲೋ ಬರೆದು ಕತ್ತರಿಸಿಟ್ಟುಕೊಳ್ಳುವ ‘ಪೇಪರ್ ಕಟಿಂಗ್’ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಫೈಲಿನಲ್ಲಿರುವುದನ್ನು ಬಟ್ಟೆಗೆ ಇಳಿಸಲು ಮೂರು ದಾರಿಗಳಿವೆ. ಎ4 ಹಾಳೆಗಳಲ್ಲಿ ತುಂಡುತುಂಡಾಗಿ ಮುದ್ರಿಸಿ ಅಂಟಿಸಬಹುದು. ಪ್ಲಾಟರ್ ಎಂಬ ಅಗಲ ಹಾಳೆಯ ಮುದ್ರಣಯಂತ್ರದಲ್ಲಿ ಒಂದೇ ದೊಡ್ಡ ಹಾಳೆಯಾಗಿ ತೆಗೆಸಬಹುದು. ಅಥವಾ ಮೇಜಿನ ಮೇಲೆ ತೂಗುಹಾಕಿದ ಪ್ರೊಜೆಕ್ಟರ್‌ನಿಂದ ಬೆಳಕಿನ ಗೆರೆಯಾಗಿ ಬಟ್ಟೆಯ ಮೇಲೆ ಬೀಳಿಸಿ, ಕಾಗದವೇ ಇಲ್ಲದೆ ಕತ್ತರಿ ಹಾಕಬಹುದು. ದಾರಿ ಯಾವುದಾದರೂ ಷರತ್ತು ಒಂದೇ: ಫೈಲಿನ ಒಂದು ಇಂಚು ಬಟ್ಟೆಯ ಮೇಲೂ ಒಂದು ಇಂಚಾಗಿಯೇ ಬರಬೇಕು. ಕೆಡುವ ಹತ್ತು ಪ್ಯಾಟರ್ನ್‌ಗಳಲ್ಲಿ ಒಂಬತ್ತು ಇಲ್ಲೇ ಕೆಡುತ್ತವೆ ಎಂದರೆ ಹೆಚ್ಚೇನೂ ಉತ್ಪ್ರೇಕ್ಷೆಯಾಗದು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹೊಲಿಗೆಯಲ್ಲಿ ಎರಡು ಬಗೆ ಇದೆ. ಒಂದು, ಪ್ರತಿ ಗಿರಾಕಿಗೂ ಬೇರೆಯಾಗುವ ಬ್ಲೌಸು, ಚೂಡಿದಾರ, ಲಂಗ-ದಾವಣಿ. ಇನ್ನೊಂದು, ಒಂದೇ ಆಕಾರವನ್ನು ಹತ್ತಾರು ಸಲ ಕತ್ತರಿಸುವ ಶಾಲಾ ಯೂನಿಫಾರ್ಮು, ನೈಟಿ, ಪೆಟಿಕೋಟು. ದೊಡ್ಡ ಹಾಳೆ ಹೊಂದುವುದು ಎರಡನೆಯದಕ್ಕೆ, ಪ್ರೊಜೆಕ್ಟರ್ ಹೊಂದುವುದು ಮೊದಲನೆಯದಕ್ಕೆ. ಈ ಭೇದ ಗೊತ್ತಿಲ್ಲದೆ ಯಂತ್ರ ಕೊಂಡವರ ಹಣ ಮೂಲೆ ಸೇರುತ್ತದೆ.

ಹಿನ್ನೆಲೆ

ಅಳತೆವಾರು ಕಾಗದದ ಪ್ಯಾಟರ್ನ್‌ಗಳನ್ನು ಮಾರುಕಟ್ಟೆಗೆ ತಂದವನು ಅಮೆರಿಕದ ಮ್ಯಾಸಚೂಸೆಟ್ಸ್‌ನ ಟೈಲರ್ ಎಬೆನೆಜರ್ ಬಟರಿಕ್, 1863ರಲ್ಲಿ. ಜರ್ಮನಿಯಲ್ಲಿ ಏನೆ ಬುರ್ಡಾ 1950ರಲ್ಲಿ ಆರಂಭಿಸಿದ ಫ್ಯಾಷನ್ ಪತ್ರಿಕೆ ಮುಂದೆ ಪ್ಯಾಟರ್ನ್ ಹಾಳೆಗಳನ್ನು ಒಳಗಿಟ್ಟು ಮನೆಮನೆಗೆ ತಲುಪಿಸಿತು. ಕಾರ್ಖಾನೆಗಳ ಮಟ್ಟದಲ್ಲಿ 1969ರ ಗರ್ಬರ್ ಸ್ವಯಂಚಾಲಿತ ಕಟರ್, 1973ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಲೆಕ್ಟ್ರಾ ಕಂಪನಿಯ ತಂತ್ರಾಂಶಗಳು ಪ್ಯಾಟರ್ನನ್ನು ಕಾಗದದಿಂದ ಕಂಪ್ಯೂಟರಿಗೆ ಏರಿಸಿದವು. 2021ರಲ್ಲಿ ಗರ್ಬರನ್ನು ಲೆಕ್ಟ್ರಾವೇ ಕೊಂಡಿತು. ಬೆಂಗಳೂರಿನ ರಫ್ತು ಗಾರ್ಮೆಂಟ್ಸ್‌ಗಳ ಕ್ಯಾಡ್ ರೂಮುಗಳಲ್ಲಿ ಇಂಥ ತಂತ್ರಾಂಶಗಳೂ ಅಗಲವಾದ ಪ್ಲಾಟರ್‌ಗಳೂ ಈಗ ಮಾಮೂಲು.

ಅಡೋಬಿ ಕಂಪನಿ 1993ರಲ್ಲಿ ಪಿಡಿಎಫ್ ತಂದ ಮೇಲೆ, ಪ್ಯಾಟರ್ನನ್ನು ಅಂಚೆಯಲ್ಲಿ ಕಳಿಸುವ ಬದಲು ಫೈಲಾಗಿ ಮಾರುವುದು ಸಾಧ್ಯವಾಯಿತು. ಮನೆಯ ಪ್ರಿಂಟರ್ ಚಿಕ್ಕದಾದ್ದರಿಂದ ಫೈಲನ್ನು ಎ4 ಚೂರುಗಳಾಗಿ ಒಡೆಯುವ ರೂಢಿ ಬಂತು. 2020ರ ಲಾಕ್‌ಡೌನ್ ಹೊತ್ತಿಗೆ ಅಮೆರಿಕ ಮತ್ತು ಯುರೋಪಿನಲ್ಲಿ ಮನೆಯಲ್ಲೇ ಹೊಲಿಯುವವರು ಚೂರು ಅಂಟಿಸುವ ಗೋಳಿನಿಂದ ಬೇಸತ್ತು ಪ್ರೊಜೆಕ್ಟರಿನತ್ತ ಹೊರಳಿದರು. ಸಿನಿಮಾ ನೋಡಲೆಂದು ಮಾಡಿದ ಅಗ್ಗದ ಎಲ್‌ಇಡಿ ಪ್ರೊಜೆಕ್ಟರ್‌ಗಳು ಕಟಿಂಗ್ ಮೇಜಿನ ಮೇಲೆ ತಲೆಕೆಳಗಾಗಿ ನೇತಾಡತೊಡಗಿದ್ದು ಹೀಗೆ.

ಕೋಲಾರ ಸೀಮೆಯ ಹಿನ್ನೆಲೆ ಬೇರೆ. ಹೊಸಕೋಟೆ, ಬೆಂಗಳೂರಿನ ಗಾರ್ಮೆಂಟ್ಸ್‌ಗಳಿಗೆ ರೈಲು, ಬಸ್ಸು, ವ್ಯಾನುಗಳಲ್ಲಿ ಹೋಗಿಬರುವ ಹೆಣ್ಣುಮಕ್ಕಳು ಈ ತಾಲ್ಲೂಕುಗಳಲ್ಲಿದ್ದಾರೆ. ಆದರೆ ಅಸೆಂಬ್ಲಿ ಲೈನಿನಲ್ಲಿ ಒಬ್ಬರ ಪಾಲಿಗೆ ಬರುವುದು ಒಂದೇ ಕೆಲಸ: ಕಾಲರ್ ಕೂರಿಸುವುದು, ಕಫ್ ಹೊಲಿಯುವುದು, ಗುಂಡಿ ಹಾಕುವುದು. ವರ್ಷಗಟ್ಟಲೆ ಮೆಷಿನ್ ತುಳಿದವರಿಗೂ ಪ್ಯಾಟರ್ನ್ ಮಾಸ್ಟರ್ ಕೂರುವ ಕೋಣೆಯ ಒಳಗೆ ಏನು ನಡೆಯುತ್ತದೆಂಬುದು ತಿಳಿಯದು. ಕೆಲಸ ಬಿಟ್ಟು ಊರಲ್ಲಿ ಅಂಗಡಿ ಹಾಕಿದಾಗ ಹೊಲಿಗೆ ನೇರ್ಪಾಗಿರುತ್ತದೆ, ಕಟಿಂಗ್ ಕೈಕೊಡುತ್ತದೆ. ಡಿಜಿಟಲ್ ಪ್ಯಾಟರ್ನ್‌ನ ನಿಜವಾದ ಉಪಯೋಗ ಈ ಕಂದಕವನ್ನು ತುಂಬುವುದರಲ್ಲಿದೆ ಎಂಬುದು ಈ ಲೇಖಕನ ಅಭಿಪ್ರಾಯ. ಪ್ರೊಜೆಕ್ಟರ್, ಪ್ಲಾಟರ್ ಎಲ್ಲ ಅದರ ನಂತರದ ಮಾತು.

ಫೈಲು ಅಣಿಮಾಡುವುದು

ವಿದೇಶದ ಪ್ಯಾಟರ್ನ್‌ಗಳು ಸೈಜಿನ ಪಟ್ಟಿಯನ್ನು ನಂಬಿ ಬರೆದವು. ಇಲ್ಲಿನ ಗಿರಾಕಿ ಸೈಜು ಹೇಳುವುದಿಲ್ಲ, ‘ಅಳತೆ ಬ್ಲೌಸ್’ ತಂದು ಕೌಂಟರಿನ ಮೇಲಿಡುತ್ತಾಳೆ. ಭಾರತೀಯರ ಮೈಕಟ್ಟಿಗೆ ಹೊಂದುವ ಸೈಜಿನ ಪಟ್ಟಿ ರೂಪಿಸಲೆಂದು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ‘ಇಂಡಿಯಾಸೈಜ್’ ಎಂಬ ಸಮೀಕ್ಷೆಯನ್ನು ಕೈಗೆತ್ತಿಕೊಂಡಿದೆ. ಆದರೂ ಬ್ಲೌಸಿನಷ್ಟು ಮೈಗೆ ಅಂಟಿ ಕೂರುವ ಉಡುಪಿಗೆ ಪಟ್ಟಿಯ ಸೈಜು ಸಾಲದು. ಆದ್ದರಿಂದ ಈ ಸೀಮೆಯ ಅಂಗಡಿಗೆ ಬೇಕಾದುದು ಅಳತೆ ಬದಲಿಸಿದರೆ ತಾನೇ ಬದಲಾಗುವ ಪ್ಯಾಟರ್ನ್.

ಅಂಥದನ್ನು ಪುಕ್ಕಟೆ ತಂತ್ರಾಂಶಗಳಲ್ಲೇ ಮಾಡಬಹುದು. 2013ರಲ್ಲಿ ಶುರುವಾದ ವ್ಯಾಲೆಂಟಿನಾ, ಅದರಿಂದ ಕವಲೊಡೆದ ಸೀಮ್ಲಿ2ಡಿ ಇವೆರಡೂ ಸೂತ್ರದ ಮೇಲೆ ನಡೆಯುತ್ತವೆ. ಟೈಲರ್ ಬಾಯಿಲೆಕ್ಕದಲ್ಲಿ ಮಾಡುವುದನ್ನೇ ಇಲ್ಲಿ ಬರೆದಿಡಬೇಕು: ಎದೆಸುತ್ತಿನ ನಾಲ್ಕನೇ ಒಂದು ಭಾಗಕ್ಕೆ ಸಡಿಲ, ಅದಕ್ಕೆ ಮಾರ್ಜಿನ್ನು, ಶೋಲ್ಡರಿನ ಅರ್ಧ, ಆರ್ಮ್‌ಹೋಲಿನ ಇಳಿತ. ಒಮ್ಮೆ ನಾಲ್ಕು ಡಾರ್ಟಿನ ಬ್ಲೌಸನ್ನು ಹೀಗೆ ಬರೆದಿಟ್ಟರೆ, ಎದೆಸುತ್ತು 34ರ ಜಾಗದಲ್ಲಿ 38 ಎಂದು ಒತ್ತಿದಾಗ ಎಲ್ಲ ತುಂಡುಗಳೂ ಮರುಬರೆಯಲ್ಪಡುತ್ತವೆ. ಪ್ರಿನ್ಸೆಸ್ ಕಟ್, ಕಟೋರಿ ಬಗೆಯ ಬ್ಲೌಸುಗಳನ್ನು ಅದೇ ತಳಹದಿಯಿಂದ ಒಡೆದು ತೆಗೆಯಬಹುದು. ಅಳತೆಗಳನ್ನು ಇಂಚಿನಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು; ಕಾಲು, ಅರ್ಧ, ಮುಕ್ಕಾಲು ಎಂದು ಟೇಪು ಓದುವ ಕಣ್ಣು ಸೆಂಟಿಮೀಟರಿಗೆ ಒಗ್ಗುವುದು ತಡ.

ರಟ್ಟಿನಲ್ಲಿ ಕತ್ತರಿಸಿಟ್ಟ ಹಳೆಯ ಪ್ಯಾಟರ್ನ್‌ಗಳಿದ್ದರೆ ಅವನ್ನು ಒಳಗೆ ತರುವುದೂ ಸಾಧ್ಯ. ಮೊಬೈಲಿನಲ್ಲಿ ಫೋಟೋ ತೆಗೆಯುವವರು ಹತ್ತಿರದಿಂದ ತೆಗೆದರೆ ಅಂಚುಗಳು ಬಾಗುತ್ತವೆ. ರಟ್ಟನ್ನು ಚೌಕದ ಗೆರೆಗಳಿರುವ ಚಾಪೆಯ ಮೇಲಿಟ್ಟು, ಮೇಜಿಗೆ ನೆಟ್ಟಗೆ ಮೇಲಿನಿಂದ, ಆದಷ್ಟು ಎತ್ತರದಿಂದ ತೆಗೆದು, ಆ ಚೌಕಗಳನ್ನೇ ಅಳತೆಗೋಲು ಮಾಡಿಕೊಂಡು ಇಂಕ್‌ಸ್ಕೇಪ್ ಎಂಬ ರೇಖಾಚಿತ್ರ ತಂತ್ರಾಂಶದಲ್ಲಿ ಗೆರೆ ಎಳೆಯಬೇಕು. ಆಮೇಲೆ ಟೇಪು ಹಿಡಿದು ಉದ್ದ, ಅಗಲ, ಆರ್ಮ್‌ಹೋಲಿನ ಸುತ್ತು ಮೂರನ್ನೂ ತಾಳೆ ನೋಡದೆ ಮುಂದುವರಿಯಬಾರದು.

ಮಾರ್ಜಿನ್ನಿನ ವಿಷಯದಲ್ಲಿ ಎಚ್ಚರ ಬೇಕು. ಹೊರದೇಶದ ಪ್ಯಾಟರ್ನ್‌ಗಳಲ್ಲಿ ಹೊಲಿಗೆಯ ಅಂಚು ಸಾಮಾನ್ಯವಾಗಿ 1 ಅಥವಾ 1.5 ಸೆಂ.ಮೀ. ಮಾತ್ರ. ನಮ್ಮಲ್ಲಿ ಬ್ಲೌಸಿನ ಪಕ್ಕಗಳಿಗೆ ಒಂದೂವರೆ-ಎರಡು ಇಂಚು ಒಳಗೆ ಬಿಡದಿದ್ದರೆ, ಹೆರಿಗೆಯಾದ ಮೇಲೆ ಬಿಚ್ಚಿ ಸಡಿಲ ಮಾಡಿಕೊಳ್ಳಲು ಬಂದ ಗಿರಾಕಿ ಬೈದು ಹೋಗುತ್ತಾಳೆ. ಹೊಲಿಗೆಯ ಗೆರೆ ಒಂದು, ಕತ್ತರಿಯ ಗೆರೆ ಇನ್ನೊಂದು ಎಂದು ಫೈಲಿನಲ್ಲಿ ಎರಡನ್ನೂ ಬೇರೆಬೇರೆ ಪದರಗಳಲ್ಲಿ ಇಡಬೇಕು.

ಈ ಪದರಗಳು, ಅಂದರೆ ಲೇಯರ್‌ಗಳು, ಪಿಡಿಎಫ್‌ನ 1.5ನೇ ಆವೃತ್ತಿಯಿಂದ ಬಂದ ಸೌಲಭ್ಯ. ಆರೇಳು ಸೈಜುಗಳು ಒಂದರೊಳಗೊಂದು ಕೂತಿರುವ ಪ್ಯಾಟರ್ನ್‌ನಲ್ಲಿ ಬೇಕಾದ ಸೈಜನ್ನು ಮಾತ್ರ ಉಳಿಸಿ ಮಿಕ್ಕವನ್ನು ಮರೆಮಾಡಬಹುದು. ಬಣ್ಣದಿಂದ ಸೈಜು ಗುರುತಿಸುವ ರೂಢಿ ಬಿಟ್ಟು, ಗೆರೆಯ ಬಗೆಯಿಂದ ಗುರುತಿಸುವುದು ವಾಸಿ: ಒಂದಕ್ಕೆ ಉದ್ದ ತುಂಡುಗೆರೆ, ಇನ್ನೊಂದಕ್ಕೆ ಚುಕ್ಕಿ-ಗೆರೆ. ಕಪ್ಪುಬಿಳುಪು ಪ್ಲಾಟರ್‌ನಲ್ಲಿ ಹಸಿರೂ ಕೆಂಪೂ ಒಂದೇ ಬೂದು ಬಣ್ಣವಾಗುತ್ತವೆ. ಪ್ರೊಜೆಕ್ಟರ್‌ನ ಕೆಂಪು ಗೆರೆ ಕೆಂಪು ರೇಷ್ಮೆಯ ಮೇಲೆ ಮಾಯವಾಗುತ್ತದೆ.

ಕನ್ನಡ ಅಕ್ಷರಗಳದ್ದು ಬೇರೆಯೇ ತಾಪತ್ರಯ. ತುಂಡುಗಳ ಮೇಲೆ ‘ಬೆನ್ನು’, ‘ತೋಳು’, ‘ಮುಂಪಟ್ಟಿ’ ಎಂದು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಬರೆದ ಫೈಲು, ಆ ಫಾಂಟ್ ಇಲ್ಲದ ಅಂಗಡಿಯ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತದೆ. ಯೂನಿಕೋಡ್‌ನಲ್ಲಿ ಬರೆದರೂ ಕೆಲವು ಕ್ಯಾಡ್ ತಂತ್ರಾಂಶಗಳು ಒತ್ತಕ್ಷರವನ್ನು ಬಿಡಿಸಿ ಪಕ್ಕಕ್ಕೆ ಎಸೆಯುತ್ತವೆ. ಪರಿಹಾರ ಸುಲಭ: ಫೈಲು ಮುಗಿದ ಮೇಲೆ ಅಕ್ಷರಗಳನ್ನು ‘ಪಾತ್’ ಆಗಿ ಮಾರ್ಪಡಿಸಿದರೆ ಅವು ಅಕ್ಷರಗಳಾಗಿ ಉಳಿಯದೆ ಗೆರೆಗಳಾಗುತ್ತವೆ, ಎಲ್ಲಿಗೆ ಹೋದರೂ ಹಾಗೇ ಇರುತ್ತವೆ. ತಿದ್ದುವುದಕ್ಕೆ ಮೂಲ ಫೈಲೊಂದು ಬೇರೆ ಇರಲಿ.

ದೊಡ್ಡ ಹಾಳೆಯ ಮುದ್ರಣ

ಎ ಸಾಲಿನ ಹಾಳೆಗಳು 1922ರ ಜರ್ಮನ್ ಮಾನಕದಿಂದ ಬಂದವು. 1975ರಲ್ಲಿ ಅದು ಐಎಸ್‌ಒ 216 ಆಯಿತು. ಎ0 ಎಂದರೆ 841 × 1189 ಮಿ.ಮೀ., ಒಂದು ಚದರ ಮೀಟರ್. ಅದರಲ್ಲಿ ಹದಿನಾರು ಎ4 ಹಾಳೆಗಳು ಅಡಗುತ್ತವೆ. ಪ್ರಿಂಟರ್ ಬಿಡುವ ಅಂಚುಗಳನ್ನು ಕಳೆದರೆ ಅಷ್ಟೇ ಪ್ಯಾಟರ್ನ್‌ಗೆ ಇಪ್ಪತ್ತಕ್ಕೂ ಹೆಚ್ಚು ಎ4 ಬೇಕಾಗುತ್ತದೆ. 44 ಇಂಚು ಉದ್ದದ ಕುರ್ತಿಯ ಬೆನ್ನು 1118 ಮಿ.ಮೀ. ಆದ್ದರಿಂದ ಎ0 ಉದ್ದದಲ್ಲಿ ಕೂತುಕೊಳ್ಳುತ್ತದೆ. ಅನಾರ್ಕಲಿಯ ಘೇರು ಕೂರದು. ಅದಕ್ಕೆ ರೋಲಿನ ಉದ್ದವನ್ನೇ ಬಳಸಬೇಕು.

ಇದಕ್ಕೆ ಬೇಕಾದ ಪ್ಲಾಟರ್ ಹುಡುಕಲು ದೂರ ಹೋಗಬೇಕಿಲ್ಲ. ಮನೆ ಕಟ್ಟುವವರಿಗೆ ಎಂಜಿನಿಯರ್ ನಕ್ಷೆಯನ್ನು ಎ1, ಎ0 ಅಳತೆಯಲ್ಲಿ ತೆಗೆದುಕೊಡುವ ‘ಪ್ಲಾನ್ ಪ್ರಿಂಟ್’ ಅಂಗಡಿಯೇ ಸಾಕು. ಅಲ್ಲಿನ ರೋಲುಗಳ ಸಾಮಾನ್ಯ ಅಗಲ 24 ಇಂಚು ಅಥವಾ 36 ಇಂಚು. ಪುಟದ ಅಗಲವನ್ನು ಅಂಗಡಿಯ ರೋಲಿಗೆ ತಕ್ಕಂತೆ ಮೊದಲೇ ಹೊಂದಿಸಿ, ತುಂಡುಗಳನ್ನು ಒತ್ತಾಗಿ ಜೋಡಿಸಿಕೊಂಡು ಹೋದರೆ ಕಾಗದ ಉಳಿಯುತ್ತದೆ. ಕಾಗದದ ಮೇಲೆ ತುಂಡುಗಳು ನೂಲಿನ ದಿಕ್ಕಿನಲ್ಲೇ ಇರಬೇಕೆಂದಿಲ್ಲ, ಗ್ರೇನ್ ಲೈನ್ ಗುರುತಿದ್ದರೆ ಆಯಿತು.

ತೊಂದರೆ ಅಂಗಡಿಯವನ ಅಭ್ಯಾಸದಲ್ಲಿದೆ. ಮನೆಯ ನಕ್ಷೆಯಲ್ಲಿ ಅಳತೆಗಳನ್ನು ಅಂಕಿಯಲ್ಲಿ ಬರೆದಿರುತ್ತಾರೆ. ಹಾಳೆ ಸ್ವಲ್ಪ ಕುಗ್ಗಿದರೂ ಮೇಸ್ತ್ರಿ ಅಂಕಿ ನೋಡಿ ಗೋಡೆ ಕಟ್ಟುತ್ತಾನೆ. ಹೀಗಾಗಿ ಆಪರೇಟರ್ ಕೈ ‘ಫಿಟ್ ಟು ಪೇಜ್’ ಕಡೆಗೆ ತಾನಾಗಿ ಹೋಗುತ್ತದೆ. ಪ್ಯಾಟರ್ನ್‌ನಲ್ಲಿ ಗೆರೆಯೇ ಅಳತೆ. ‘ಆ್ಯಕ್ಚುವಲ್ ಸೈಜ್, ನೂರಕ್ಕೆ ನೂರು’ ಎಂದು ಬಾಯಿಬಿಟ್ಟು ಹೇಳಿ, ಪರದೆಯಲ್ಲಿ ಆ ಗುಂಡಿ ಒತ್ತಿದ್ದನ್ನು ಕಣ್ಣಾರೆ ನೋಡಬೇಕು. ಕುಗ್ಗುವುದು ಎಷ್ಟು ದುಬಾರಿ ಎಂಬುದಕ್ಕೆ ಲೆಕ್ಕವಿದೆ: ಅಮೆರಿಕದ ಲೆಟರ್ ಹಾಳೆ 216 ಮಿ.ಮೀ. ಅಗಲ, ನಮ್ಮ ಎ4 210 ಮಿ.ಮೀ. ಲೆಟರ್‌ಗೆಂದು ಮಾಡಿದ ಪ್ಯಾಟರ್ನನ್ನು ಎ4ಕ್ಕೆ ಹೊಂದಿಸಿ ಮುದ್ರಿಸಿದರೆ ಅದು ಶೇ. 97ಕ್ಕೆ ಇಳಿಯುತ್ತದೆ, 36 ಇಂಚಿನ ಎದೆಸುತ್ತು 35 ಆಗುತ್ತದೆ. ಕಣ್ಣಿಗೆ ಕಾಣದ ಈ ಒಂದು ಇಂಚು ಬ್ಲೌಸಿನ ಹುಕ್ಕು ಹಾಕುವಾಗ ಕಾಣುತ್ತದೆ.

ಪರೀಕ್ಷೆಗೆಂದು ಫೈಲಿನಲ್ಲಿ ಸಾಮಾನ್ಯವಾಗಿ ಎರಡು ಇಂಚಿನ ಅಥವಾ ಐದು ಸೆಂಟಿಮೀಟರಿನ ಚೌಕವಿರುತ್ತದೆ. ಅದು ಸಾಲದು. ಐದು ಸೆಂಟಿಮೀಟರಿನಲ್ಲಿ ಕಾಲು ಮಿ.ಮೀ. ತಪ್ಪು ಯಾರಿಗೂ ತಿಳಿಯುವುದಿಲ್ಲ, ಅದೇ ತಪ್ಪು ಒಂದು ಮೀಟರಿನಲ್ಲಿ ಐದು ಮಿ.ಮೀ. ಆಗುತ್ತದೆ. ಹಾಳೆಯ ಅಗಲಕ್ಕೊಂದು, ಉದ್ದಕ್ಕೊಂದು 50 ಸೆಂ.ಮೀ. ಗೆರೆ ಹಾಕಿಕೊಂಡು ಎರಡನ್ನೂ ಸ್ಟೀಲ್ ಸ್ಕೇಲಿನಿಂದ ಅಳೆಯಬೇಕು. ಎರಡನ್ನೂ ಏಕೆಂದರೆ, ಪ್ಲಾಟರ್‌ನ ತಲೆ ಅಡ್ಡಡ್ಡ ಓಡುತ್ತದೆ, ಕಾಗದ ಉರುಳಿನಿಂದ ಉದ್ದುದ್ದ ಸರಿಯುತ್ತದೆ. ಒಂದು ದಿಕ್ಕು ಸರಿಯಿದ್ದು ಇನ್ನೊಂದು ಜಾರುವುದುಂಟು. ಟೈಲರಿನ ಬಟ್ಟೆ ಟೇಪು ಹಿಗ್ಗಿರುತ್ತದೆ, ಈ ಕೆಲಸಕ್ಕೆ ಅದನ್ನು ನಂಬಬಾರದು.

ಬಹಳ ಉದ್ದದ ಪುಟ ಮಾಡುವವರಿಗೆ ಇನ್ನೊಂದು ಮಿತಿ ಎದುರಾಗುತ್ತದೆ. ಪಿಡಿಎಫ್ ಪುಟದ ರೂಢಿಯ ಗರಿಷ್ಠ ಅಳತೆ 200 ಇಂಚು, ಅಂದರೆ ಸುಮಾರು ಐದು ಮೀಟರ್. ಅದಕ್ಕಿಂತ ಉದ್ದದ ಹಾಳೆ ಬೇಕಾದರೆ ಎರಡು ಪುಟ ಮಾಡುವುದೇ ಸುರಕ್ಷಿತ. ಎ4 ಚೂರುಗಳಾಗಿ ಬಂದ ಹಳೆಯ ಫೈಲನ್ನು ಒಂದೇ ಹಾಳೆಯಾಗಿ ಹೊಲಿಯಲು ಪಿಡಿಎಫ್‌ಸ್ಟಿಚರ್ ಎಂಬ ಉಚಿತ ತಂತ್ರಾಂಶವಿದೆ.

ಫ್ಲೆಕ್ಸ್ ಅಂಗಡಿಯಲ್ಲಿ ತೆಗೆಸಿದರೆ ಹರಿಯುವುದಿಲ್ಲವಲ್ಲ ಎಂಬ ಯೋಚನೆ ಕೆಲವರಿಗೆ ಬರುತ್ತದೆ. ಆದರೆ ಫ್ಲೆಕ್ಸ್ ಯಂತ್ರಕ್ಕೆ ಹೋಗುವಾಗ ಫೈಲು ಚಿತ್ರವಾಗಿ ಮಾರ್ಪಡುತ್ತದೆ, ಬ್ಯಾನರಿನ ಕೆಲಸದಲ್ಲಿ ಅರ್ಧ ಇಂಚು ಆಚೀಚೆ ಯಾರೂ ಲೆಕ್ಕಿಸರು, ಪ್ಲಾಸ್ಟಿಕ್ ಹಾಳೆ ಎಳೆದರೆ ಹಿಗ್ಗುತ್ತದೆ. ರಾಜ್ಯದಲ್ಲಿ ಫ್ಲೆಕ್ಸ್ ಬ್ಯಾನರ್‌ಗಳಿಗೆ 2016ರಿಂದಲೇ ನಿಷೇಧವಿದೆ ಎಂಬುದು ಬೇರೆ ಮಾತು. ಬೀದಿಯಲ್ಲಿ ನಿಂತು ತಲೆಯೆತ್ತಿದರೆ ಅದು ನೆನಪಾಗುವುದಿಲ್ಲ. ಕಾಗದದ ಪ್ರಿಂಟನ್ನು ದಪ್ಪ ರಟ್ಟಿಗೆ ಅಂಟಿಸಿ ಕತ್ತರಿಸಿಟ್ಟುಕೊಳ್ಳುವುದೇ ಬಾಳಿಕೆ ಬರುವ ದಾರಿ.

ಶಾಲಾ ಯೂನಿಫಾರ್ಮಿನ ಕೆಲಸಕ್ಕೆ ಈ ರಟ್ಟುಗಳೇ ಬಂಡವಾಳ. ಸರ್ಕಾರಿ ಶಾಲೆಗಳ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಸಮವಸ್ತ್ರದ ಬಟ್ಟೆ ಬರುತ್ತದೆ, ಹೊಲಿಸುವುದು ಊರಿನ ಟೈಲರ್ ಹತ್ತಿರ. ಶಾಲೆ ತೆರೆಯುವ ದಿನಗಳಲ್ಲಿ ಒಂದೇ ಬಣ್ಣದ ಬಟ್ಟೆಯ ಗಂಟುಗಳು ಅಂಗಡಿಯ ತುಂಬ ಬೀಳುತ್ತವೆ. ಒಂದನೆಯಿಂದ ಹತ್ತನೇ ತರಗತಿವರೆಗಿನ ಅಂಗಿ, ಚಡ್ಡಿ, ಲಂಗ, ಕಮೀಜುಗಳ ಏಳೆಂಟು ಸೈಜು ಒಮ್ಮೆ ಪ್ಲಾಟರ್‌ನಲ್ಲಿ ತೆಗೆಸಿಟ್ಟರೆ, ನಾಲ್ಕಾರು ಪದರ ಬಟ್ಟೆ ಹಾಸಿ ಒಟ್ಟಿಗೇ ಕತ್ತರಿಸಬಹುದು. ಶ್ರೀನಿವಾಸಪುರದ ಕಡೆ ಮಾವಿನ ಸುಗ್ಗಿ, ಮದುವೆ, ಶಾಲೆಯ ಆರಂಭ ಮೂರೂ ಬೇಸಗೆ ತುದಿಯ ಎರಡು ಮೂರು ತಿಂಗಳಲ್ಲೇ ಒತ್ತೊತ್ತಾಗಿ ಬರುವುದರಿಂದ, ಅಲ್ಲಿ ಉಳಿಯುವ ಒಂದೊಂದು ಗಂಟೆಗೂ ಬೆಲೆಯಿದೆ.

ಪ್ರೊಜೆಕ್ಟರ್

ಪ್ರೊಜೆಕ್ಟರ್ ಆರಿಸುವಾಗ ಮೊದಲು ನೋಡಬೇಕಾದುದು ‘ಥ್ರೋ ರೇಷಿಯೊ’: ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದರೆ ಬರುವ ಸಂಖ್ಯೆ. ಹತ್ತು ಅಡಿ ಎತ್ತರದ ಕೋಣೆ, ಮೂರಡಿ ಎತ್ತರದ ಮೇಜು, ಸೂರಿನಿಂದ ಒಂದಡಿ ಕೆಳಗೆ ಪ್ರೊಜೆಕ್ಟರ್ ಎಂದಿಟ್ಟುಕೊಂಡರೆ ಸಿಗುವ ದೂರ ಆರಡಿ, ಸುಮಾರು 180 ಸೆಂ.ಮೀ. ರೇಷಿಯೊ 1.2 ಇರುವ ಯಂತ್ರ ಅಷ್ಟು ದೂರದಿಂದ 150 ಸೆಂ.ಮೀ. ಅಗಲ, 84 ಸೆಂ.ಮೀ. ಎತ್ತರದ ಚಿತ್ರ ಬೀಳಿಸುತ್ತದೆ. ಸೀರೆಯೊಂದಿಗೆ ಬರುವ 80 ಸೆಂ.ಮೀ. ಬ್ಲೌಸ್ ಪೀಸು ಸೀರೆಯ ಅಗಲ ಸಮೇತ ಇದರೊಳಗೆ ಬಿಡಿಸಿ ಹಾಸಲು ಸರಿಯಾಗಿ ಹಿಡಿಸುತ್ತದೆ. ಸೂರು ಇದಕ್ಕಿಂತ ತಗ್ಗಿದ್ದರೆ ರೇಷಿಯೊ ಒಂದಕ್ಕಿಂತ ಕಡಿಮೆ ಇರುವ ‘ಶಾರ್ಟ್ ಥ್ರೋ’ ಯಂತ್ರ ಬೇಕು, ಅದು ದುಬಾರಿ.

ಎರಡನೆಯದು ನಿಜವಾದ ರೆಸಲ್ಯೂಷನ್. ‘4ಕೆ ಸಪೋರ್ಟ್’ ಎಂದು ಡಬ್ಬದ ಮೇಲೆ ಬರೆದ ಅಗ್ಗದ ಯಂತ್ರಗಳ ಒಳಗಿನ ಫಲಕ ಬರೀ 1280 × 720 ಇರುವುದು ಸಾಮಾನ್ಯ. ಡಬ್ಬದ ಮೇಲೆ ‘ನೇಟಿವ್’ ಎಂಬ ಪದದ ಮುಂದಿನ ಅಂಕಿಯನ್ನು ಮಾತ್ರ ನಂಬಬೇಕು. 150 ಸೆಂ.ಮೀ. ಚಿತ್ರದ ಅಗಲದಲ್ಲಿ 1280 ಚುಕ್ಕೆಗಳಿದ್ದರೆ ಒಂದೊಂದು 1.17 ಮಿ.ಮೀ., 1920 ಇದ್ದರೆ 0.78 ಮಿ.ಮೀ. ಬ್ಲೌಸಿಗೆ ಎರಡನೆಯದು ಬೇಕು, ಪೆಟಿಕೋಟಿಗೆ ಮೊದಲನೆಯದೂ ನಡೆಯುತ್ತದೆ.

ಪ್ರೊಜೆಕ್ಟರ್‌ಗೆಂದು ಫೈಲು ಅಣಿಮಾಡುವ ಕ್ರಮ ಕಾಗದದ ಕ್ರಮಕ್ಕಿಂತ ಬೇರೆ. ಹಾಳೆಗಳ ಅಂಚು, ಅಂಟಿಸುವ ಗುರುತು ಇವೆಲ್ಲ ಹೋಗಬೇಕು. ಇಡೀ ಪ್ಯಾಟರ್ನ್ ಒಂದೇ ಪುಟದಲ್ಲಿರಬೇಕು. ಗೆರೆಗಳು ದಪ್ಪಗಿರಬೇಕು: ಕಾಗದಕ್ಕೆ ಅರ್ಧ ಮಿ.ಮೀ. ಸಾಕು, ಬೆಳಕಿಗೆ ಒಂದು ಮಿ.ಮೀ. ಇಲ್ಲದಿದ್ದರೆ ಗೆರೆ ಒಡೆದು ಕಾಣುತ್ತದೆ. ತುಂಡುಗಳು ಮೇಜಿನ ಉದ್ದಕ್ಕೆ, ಬಟ್ಟೆಯ ಉದ್ದನೂಲಿಗೆ ಸಮವಾಗಿ ತಿರುಗಿರಬೇಕು, ಗ್ರೇನ್ ಲೈನನ್ನು ಪುಟದ ಈ ತುದಿಯಿಂದ ಆ ತುದಿಗೆ ಎಳೆಯಬೇಕು. ಬಟ್ಟೆಯ ಅಂಚನ್ನು ಆ ಗೆರೆಗೆ ಸಮಾನಾಂತರ ಮಾಡಿದರೆ ಕೆಲಸ ಅರ್ಧ ಮುಗಿಯಿತು. ಕ್ರಾಸ್ ಕಟ್ ಬ್ಲೌಸಿನ ಮುಂಭಾಗವನ್ನು ಫೈಲಿನಲ್ಲೇ 45 ಡಿಗ್ರಿ ತಿರುಗಿಸಿಟ್ಟರೆ ಕಣ್ಣಂದಾಜಿನ ಅಗತ್ಯ ಬೀಳದು. ಮಡಿಕೆಗೆ ಇಡುವ ಅರ್ಧ ತುಂಡುಗಳನ್ನು ಕನ್ನಡಿಯಂತೆ ತಿರುಗಿಸಿ ಪೂರ್ಣ ಮಾಡಿಟ್ಟಿರಬೇಕು, ಏಕೆಂದರೆ ಪ್ರೊಜೆಕ್ಟರ್‌ನ ಲಾಭ ಸಿಗುವುದು ಬಟ್ಟೆಯನ್ನು ಒಂದೇ ಪದರ ಹಾಸಿದಾಗ. ಕಡು ಬಣ್ಣದ ಬಟ್ಟೆಗೆ ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಗೆರೆ ಎದ್ದು ಕಾಣುತ್ತದೆ. ಇದನ್ನು ವೀಕ್ಷಕ ತಂತ್ರಾಂಶದಲ್ಲೇ ತಿರುಗುಮುರುಗು ಮಾಡಬಹುದು.

ಅಳತೆ ಹೊಂದಿಸುವುದು ಕೆಲಸದ ಹೃದಯಭಾಗ. ಯಂತ್ರ ಮೇಜಿಗೆ ನೆಟ್ಟಗೆ ಕೆಳಗೆ ನೋಡುತ್ತಿರಬೇಕು. ಓರೆ ಬಿದ್ದರೆ ಚೌಕದ ಒಂದು ಬದಿ ಅಗಲವಾಗಿ, ಎದುರು ಬದಿ ಕಿರಿದಾಗಿ ಬರುತ್ತದೆ. ಯಂತ್ರದ ‘ಕೀಸ್ಟೋನ್’ ಗುಂಡಿಯಿಂದ ಅದನ್ನು ನೇರ್ಪು ಮಾಡಬಹುದಾದರೂ ಸ್ಪಷ್ಟತೆ ಕಡಿಮೆಯಾಗುತ್ತದೆ. ಆಮೇಲೆ ಹತ್ತು ಸೆಂಟಿಮೀಟರಿನ ಚೌಕವಿರುವ ಪಿಡಿಎಫ್ ತೆರೆದು ಶೇ. 100 ಜೂಮ್‌ನಲ್ಲಿ ಅಳೆಯಬೇಕು. ಮೇಲಿನ ಉದಾಹರಣೆಯ 1920 ಚುಕ್ಕೆಯ ಯಂತ್ರದಲ್ಲಿ ಅದು ಸುಮಾರು 29.5 ಸೆಂ.ಮೀ. ಕಾಣಬಹುದು. ಬೇಕಾದ 10ನ್ನು ಕಂಡ 29.5ರಿಂದ ಭಾಗಿಸಿದರೆ 0.339, ಜೂಮ್ ಶೇ. 33.9 ಮಾಡಿದರೆ ಚೌಕ ನಿಜ ಅಳತೆಗೆ ಬರುತ್ತದೆ. ಆ ಅಂಕಿಯನ್ನು ಗೋಡೆಯ ಮೇಲೆ ಬರೆದಿಡುವುದು ಜಾಣತನ. ಚಿತ್ರದ ನಾಲ್ಕು ಮೂಲೆಯಲ್ಲೂ ನಡುವೆಯೂ ಅಳೆದು ನೋಡದೆ ಒಂದೇ ಜಾಗದ ಅಳತೆ ನಂಬಿದರೆ ತೋಳೊಂದು ದೊಡ್ಡದು, ಒಂದು ಚಿಕ್ಕದು ಬರುತ್ತದೆ. ಬ್ರೌಸರ್‌ನಲ್ಲೇ ನಡೆಯುವ ‘ಪ್ಯಾಟರ್ನ್ ಪ್ರೊಜೆಕ್ಟರ್’ ಎಂಬ ಉಚಿತ ಸಲಕರಣೆಯಲ್ಲಿ ಈ ಲೆಕ್ಕ ಬೇಡ: ಚಾಪೆಯ ನಾಲ್ಕು ಮೂಲೆಗಳನ್ನು ಗುರುತಿಸಿದರೆ ಓರೆಯನ್ನೂ ಅಳತೆಯನ್ನೂ ಅದೇ ತಿದ್ದಿಕೊಳ್ಳುತ್ತದೆ.

ಮೇಜಿನ ಎತ್ತರ ಬದಲಾದರೆ ಲೆಕ್ಕವೆಲ್ಲ ಬದಲಾಗುತ್ತದೆ. 180 ಸೆಂ.ಮೀ. ದೂರದಲ್ಲಿ ಬಟ್ಟೆ ಒಂದು ಸೆಂಟಿಮೀಟರ್ ಮೇಲೆದ್ದರೆ ಗೆರೆ ನೂರಕ್ಕೆ ಅರ್ಧದಷ್ಟು ಕುಗ್ಗುತ್ತದೆ, 20 ಇಂಚಿನಲ್ಲಿ ಹತ್ತನೇ ಒಂದು ಇಂಚು. ಬ್ಲೌಸ್ ಬಟ್ಟೆ ಮತ್ತು ಲೈನಿಂಗ್ ಎರಡೇ ಪದರವಾದರೆ ಚಿಂತೆಯಿಲ್ಲ. ಯೂನಿಫಾರ್ಮಿನ ದಪ್ಪ ರಾಶಿಯ ಮೇಲೆ ಬೆಳಕು ಬೀಳಿಸಬಾರದು. ಕತ್ತರಿಯ ಸ್ವಭಾವವೂ ಇಲ್ಲಿ ಅಡ್ಡ ಬರುತ್ತದೆ. ವಿದೇಶದವರು ಚಾಪೆಯ ಮೇಲೆ ಉರುಳುವ ರೋಟರಿ ಕಟರ್ ಬಳಸುತ್ತಾರೆ, ಬಟ್ಟೆ ಅಲುಗುವುದಿಲ್ಲ. ನಮ್ಮ ಕತ್ತರಿಯ ಕೆಳಗಿನ ಅಲಗು ಬಟ್ಟೆಯನ್ನು ಎತ್ತಿಯೇ ಸಾಗುತ್ತದೆ, ಎತ್ತಿದ ಕಡೆ ಗೆರೆ ಸರಿಯುತ್ತದೆ. ಆದ್ದರಿಂದ ಮೊದಲು ಬೆಳಕಿನ ಗೆರೆಯ ಮೇಲೆ ಟೈಲರ್ ಚಾಕಿನಿಂದ ಗುರುತು ಹಾಕಿಕೊಂಡು ಆಮೇಲೆ ಕತ್ತರಿಸುವುದೇ ಸರಿ.

ಊರಿನ ಅಂಗಡಿಗಳ ಮಟ್ಟಿಗೆ ದೊಡ್ಡ ಶತ್ರು ಸೀಲಿಂಗ್ ಫ್ಯಾನು. ಪ್ರೊಜೆಕ್ಟರನ್ನು ಫ್ಯಾನಿನ ಹತ್ತಿರ ಕಟ್ಟಿದರೆ ಅದರ ನಡುಕ ಗೆರೆಗೆ ಬರುತ್ತದೆ, ರೆಕ್ಕೆಯ ನೆರಳು ಮೇಜಿನ ಮೇಲೆ ಸುತ್ತುತ್ತದೆ, ಕ್ರೇಪು-ಜಾರ್ಜೆಟ್ಟು ಹಾರುತ್ತದೆ. ಗೋಡೆಗೆ ಕಬ್ಬಿಣದ ಬ್ರಾಕೆಟ್ ಹೊಡೆಸಿ ಕಟ್ಟುವುದು, ಕತ್ತರಿಸುವಷ್ಟು ಹೊತ್ತು ಫ್ಯಾನ್ ಆರಿಸುವುದು ಬಿಟ್ಟು ಬೇರೆ ಉಪಾಯವಿಲ್ಲ. ಶಟರ್ ತೆರೆದ ಅಂಗಡಿಗೆ ಹಗಲು ಬೀದಿಯ ಬೆಳಕು ನುಗ್ಗುವುದರಿಂದ ಒಳಕೋಣೆಯೋ ದಪ್ಪ ಪರದೆಯೋ ಬೇಕು. ಕರೆಂಟು ಹೋಗಿ ಬಂದಾಗ ‘ಆಟೋ ಕೀಸ್ಟೋನ್’ ಇರುವ ಯಂತ್ರಗಳು ತಾವಾಗಿ ಚಿತ್ರವನ್ನು ಮತ್ತೆ ತಿದ್ದಿಕೊಂಡು, ಹೊಂದಿಸಿಟ್ಟ ಅಳತೆಯನ್ನು ಕೆಡಿಸುತ್ತವೆ. ಆ ಸೌಲಭ್ಯವನ್ನು ಮೊದಲೇ ಆರಿಸಿಬಿಡಬೇಕು. ಕರೆಂಟು ಬಂದ ಮೇಲೆ ಚೌಕ ಅಳೆದೇ ಕತ್ತರಿ ಮುಟ್ಟಬೇಕು. ಹಳೆಯ ಲ್ಯಾಂಪ್ ಪ್ರೊಜೆಕ್ಟರ್‌ಗಳನ್ನು ಕೆಳಮುಖವಾಗಿ ಕಟ್ಟಿದರೆ ಬಿಸಿ ಹೊರಹೋಗದೆ ಕೆಡಬಹುದು, ಕೈಪಿಡಿ ನೋಡಿಕೊಳ್ಳಬೇಕು.

ಅಂಚಿನ ಬ್ಲೌಸು, ಮಗ್ಗಂ ವರ್ಕು

ಪ್ರೊಜೆಕ್ಟರ್ ತನ್ನ ಬೆಲೆಯನ್ನು ತೀರಿಸುವ ಜಾಗ ಮದುವೆಯ ಬ್ಲೌಸು. ಕೋಲಾರ ರೇಷ್ಮೆಗೂಡಿನ ಸೀಮೆಯಾದರೂ ಮದುವೆ ಸೀರೆ ಬರುವುದು ಕಂಚಿ, ಧರ್ಮಾವರಂ ಕಡೆಯಿಂದ. ಅವುಗಳ ಬ್ಲೌಸ್ ಪೀಸಿನಲ್ಲಿ ಜರಿ ಅಂಚು ಎರಡು ಬದಿಯಲ್ಲಿ ಮಾತ್ರ ಇರುತ್ತದೆ. ಎರಡು ತೋಳಿನ ಕೆಳಗೂ ಅದೇ ಅಂಚು, ಅದೇ ಬುಟ್ಟ ಸರಿಸಮ ಬರಬೇಕು. ಉಳಿದ ಅಂಚು ಬೆನ್ನಿಗೆ ಸಾಕಾಗಬೇಕು. ರಟ್ಟಿನ ಪ್ಯಾಟರ್ನ್ ಇಟ್ಟರೆ ಕೆಳಗಿನ ಬುಟ್ಟ ಮುಚ್ಚಿಹೋಗುತ್ತದೆ. ಬೆಳಕಿನ ಗೆರೆಯ ಒಳಗೆ ಬಟ್ಟೆ ಪೂರ್ತಿ ಕಾಣುತ್ತದೆ: ನವಿಲು ತೋಳಿನ ನಡುವೆ ಕೂತಿತೋ, ಹೊಲಿಗೆಯ ಅಂಚಿಗೆ ಸಿಕ್ಕಿ ಕೊರಳು ಕಳೆದುಕೊಳ್ಳುತ್ತದೋ ಎಂದು ಕತ್ತರಿ ಹಾಕುವ ಮೊದಲೇ ತಿಳಿಯುತ್ತದೆ. ಒಂದು ಪೀಸು ಕೆಟ್ಟರೆ ಬದಲಿ ಸಿಗದ ಬಟ್ಟೆಯಲ್ಲಿ ಇದು ದೊಡ್ಡ ಮಾತು.

ತೆಲುಗು ಮಾತಿನ ನಂಟಿರುವ ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮಗ್ಗಂ ವರ್ಕ್ ಎನ್ನುವ, ಬೇರೆಡೆ ಆರಿ ವರ್ಕ್ ಎನ್ನುವ ಕಸೂತಿಯಲ್ಲಿ ಬ್ಲೌಸನ್ನು ಮೊದಲು ಕತ್ತರಿಸುವುದಿಲ್ಲ. ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಅದರ ಮೇಲೆ ಬೆನ್ನಿನ, ತೋಳಿನ ಗೆರೆ ಹಾಕಿ, ಒಳಗೆ ಮಣಿ-ಜರ್ದೋಸಿ ತುಂಬಿ, ಕೊನೆಗೆ ಕತ್ತರಿಸುತ್ತಾರೆ. ವಿನ್ಯಾಸವನ್ನು ಬಟರ್ ಪೇಪರಿನಲ್ಲಿ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಸೀಮೆಎಣ್ಣೆಯಲ್ಲಿ ಕಲಸಿದ ಜಿಂಕ್ ಪುಡಿಯನ್ನು ಬಟ್ಟೆಯ ಉಂಡೆಯಿಂದ ಉಜ್ಜಿ ಇಳಿಸುವುದು ಹಳೆಯ ಕ್ರಮ. ಪ್ರೊಜೆಕ್ಟರ್ ಇದ್ದರೆ ಬ್ಲೌಸಿನ ಹೊರಗೆರೆಯೂ ಕತ್ತಿನ ವಿನ್ಯಾಸವೂ ಗಿರಾಕಿಯ ಅಳತೆಗೇ ಹಿಗ್ಗಿ ಕುಗ್ಗಿ ಬೀಳುತ್ತವೆ, ಎಡ-ಬಲ ಒಂದೇ ಸಮ ಬರುತ್ತದೆ. ಆದರೆ ಬೆಳಕನ್ನು ಮತ್ತೆ ಕೈಯಿಂದಲೇ ಗೆರೆ ಮಾಡಬೇಕಷ್ಟೆ. ಒತ್ತಾದ ಬಳ್ಳಿ, ಮತ್ತೆ ಮತ್ತೆ ಬರುವ ಬುಟ್ಟಗಳಿಗೆ ಚುಚ್ಚಿದ ಬಟರ್ ಪೇಪರೇ ಈಗಲೂ ವೇಗ. ಹೊರಗೆರೆಗೆ ಬೆಳಕು, ಒಳಗಿನ ತುಂಬುಗೆಗೆ ಸೂಜಿಚುಚ್ಚು ಎಂದು ಹಂಚಿಕೊಂಡರೆ ಎರಡರ ಲಾಭವೂ ಸಿಗುತ್ತದೆ.

ಹಕ್ಕು, ತರಬೇತಿ, ಖರ್ಚು

ದುಡ್ಡು ಕೊಟ್ಟು ತಂದ ಪ್ಯಾಟರ್ನ್ ಫೈಲನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಂಚುವುದು ಬರೆದವರ ಹಕ್ಕಿಗೆ ಚ್ಯುತಿ. 1957ರ ಕೃತಿಸ್ವಾಮ್ಯ ಕಾಯ್ದೆ ರೇಖಾಚಿತ್ರಕ್ಕೂ ಅನ್ವಯಿಸುತ್ತದೆ. ಕೆಲವು ಫೈಲುಗಳಲ್ಲಿ ಸ್ವಂತ ಬಳಕೆಗೆ ಮಾತ್ರ ಎಂಬ ಷರತ್ತಿರುತ್ತದೆ, ಹೊಲಿದು ಮಾರುವವರು ಅದನ್ನು ಓದಿಕೊಳ್ಳಬೇಕು.

ಟೈಲರ್ ಕಸುಬು 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಒಂದು. ತರಬೇತಿಯ ಅವಧಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಶೇ. 5 ಬಡ್ಡಿಗೆ ಮೊದಲ ಕಂತಿನಲ್ಲಿ ಒಂದು ಲಕ್ಷ, ಎರಡನೆಯದರಲ್ಲಿ ಎರಡು ಲಕ್ಷದವರೆಗೆ ಸಾಲ ಅದರಲ್ಲಿದೆ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಮಾದರಿಯ ಮೇಲೆ ಬೆಳೆದ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳಲ್ಲೂ ಐಟಿಐಗಳ ಸೂಯಿಂಗ್ ಟೆಕ್ನಾಲಜಿ ವಿಭಾಗದಲ್ಲೂ ಹೊಲಿಗೆ ಕಲಿಸುತ್ತಾರೆ. ಇಲ್ಲಿ ಕಂಪ್ಯೂಟರಿನಲ್ಲಿ ಬ್ಲೌಸ್ ಬರೆಯುವುದನ್ನೂ ಊರಿನ ಅಳತೆಗಳ ಮೇಲೆ ಕಲಿಸಿದರೆ ಗಾರ್ಮೆಂಟ್ಸ್ ಬಿಟ್ಟು ಬಂದವರಿಗೆ ಕೈಯಲ್ಲಿ ಕಸುಬು ಪೂರ್ತಿಯಾಗುತ್ತದೆ.

ಖರ್ಚಿನ ಕ್ರಮದಲ್ಲಿ ಹೇಳುವುದಾದರೆ, ತಂತ್ರಾಂಶ ಕಲಿಯಲು ಸಮಯ ಬಿಟ್ಟು ಬೇರೇನೂ ಬೇಡ. ಪ್ಲಾಟರ್ ಪ್ರಿಂಟಿಗೆ ಹಾಳೆಯ ಲೆಕ್ಕ. ಪ್ರೊಜೆಕ್ಟರ್‌ಗೆ ಒಟ್ಟಿಗೆ ದೊಡ್ಡ ಹಣ. ತಿಂಗಳಿಗೆ ಬೆರಳೆಣಿಕೆಯ ಮದುವೆ ಬ್ಲೌಸ್ ಬರುವ ಅಂಗಡಿಗೆ ಪ್ರೊಜೆಕ್ಟರ್ ಹೊರೆಯೇ. ಕೊಳ್ಳಲೇಬೇಕೆಂದು ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋಗುವವರು ಪರೀಕ್ಷಾ ಚೌಕದ ಫೈಲನ್ನು ಪೆನ್‌ಡ್ರೈವಿನಲ್ಲೂ ಸ್ಟೀಲ್ ಸ್ಕೇಲನ್ನು ಚೀಲದಲ್ಲೂ ಇಟ್ಟುಕೊಂಡು ಹೋಗಲಿ. ಅಂಗಡಿಯ ಗೋಡೆಗೇ ಬೀಳಿಸಿ ನಾಲ್ಕು ಮೂಲೆ ಅಳೆದು, ಒಂದು ಮೂಲೆಯಲ್ಲಿ ಗೆರೆ ಮಸುಕಾದರೂ ಬೇರೆ ಯಂತ್ರ ಕೇಳಲಿ.